ಹಳೆಯ ಎಸ್ಟೀಮ್‌ನ ಹಿಂದಿನ ಗಾಲಿಗಳನ್ನು ದಾರ ಕಟ್ಟಿ ಸರಿಪಡಿಸಿದ ಬಗೆ

ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿಯಲ್ಲಿ ನೇರವಾಗಿ ಹೋಗುವಾಗಲೂ ನನ್ನ ಮಾರುತಿ ಎಸ್ಟೀಮ್‌ನ ಸ್ಟೀರಿಂಗನ್ನು ತುಸು ಬಲಕ್ಕೆ ತಿರುಗಿಸಿಯೇ ಹಿಡಿಯಬೇಕಾಗುತ್ತಿತ್ತು, ಬಲಬದಿಯ ಹಿಂದಿನ ಟೈರು ಒಳ ಅಂಚಿನಲ್ಲಿ ಮಾತ್ರ ಸವೆಯುತ್ತಿತ್ತು. ಮುಂದಿನ ಗಾಲಿಗಳ ಅಲೈನ್‌ಮೆಂಟ್ ಮಾಡಿಸಿದರೂ ದೋಷ ಉಳಿದದ್ದರಿಂದ, ಅದರ ಮೂಲ ಹಿಂದೆಯೇ ಇದೆ ಎಂದು ತಿಳಿಯಿತು. ಹಿಂದಿನ ಗಾಲಿಯೊಂದು ಹೊರಮುಖವಾಗಿದ್ದರೆ ಅದು ಗಾಡಿಯ ಹಿಂಭಾಗವನ್ನು ಆ ಕಡೆಗೇ ಎಳೆಯುತ್ತದೆ.

ಈ ಕಾರಿನಲ್ಲಿ ಹಿಂದಿನ ಎರಡೂ ಗಾಲಿಗಳು ಸ್ವತಂತ್ರವಾಗಿದ್ದು, ಗಾಲಿಯನ್ನು ಗಾಡಿಯ ಅಡಿಭಾಗಕ್ಕೆ ಜೋಡಿಸುವ ಕಂಟ್ರೋಲ್ ರಾಡಿನ ಒಳತುದಿಯ ಕ್ಯಾಮ್ ಬೋಲ್ಟ್ (ಓರೆಕೇಂದ್ರದ ಬಿಲ್ಲೆಯಿರುವ ಬೋಲ್ಟ್) ತಿರುಗಿಸಿದರೆ ಟೋ, ಅಂದರೆ ಗಾಲಿಯ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ. ಅದನ್ನು ಮುಟ್ಟುವ ಮೊದಲು ಕೀಲುಗಳಲ್ಲಿ ಕೂಡಿಸಿರುವ ರಬ್ಬರಿನ ಬುಷ್‌ಗಳನ್ನು ನೋಡಲೇಬೇಕು. ರಬ್ಬರು ಹರಿದಿದ್ದರೆ ನಿಂತ ಗಾಡಿಯಲ್ಲಿ ತೆಗೆದ ಅಳತೆ ಓಡುವ ಗಾಡಿಗೆ ಅನ್ವಯಿಸುವುದಿಲ್ಲ. ನಾನು ಹಳೆಯ ಬುಷ್‌ಗಳನ್ನು ಉದ್ಯಮಬಾಗದ ವರ್ಕ್‌ಶಾಪೊಂದರಲ್ಲಿ ಪ್ರೆಸ್ಸಿನಿಂದ ಹೊರತೆಗೆಸಿ, ಹೊಸವನ್ನು ಕೂಡಿಸಿದೆ. ನಮ್ಮ ಕಡೆಯ ಮಳೆಗೂ ಕೆಂಪು ಕೆಸರಿಗೂ ಸಿಕ್ಕ ಕ್ಯಾಮ್ ಬೋಲ್ಟ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟ ಮೇಲೆಯೇ ಅದು ಸಡಿಲಾಯಿತು. ಸಡಿಲಿಸುವ ಮುನ್ನ ಕ್ಯಾಮಿನ ಮೂಲ ಸ್ಥಾನಕ್ಕೆ ಬಣ್ಣದ ಗೆರೆ ಎಳೆದಿದ್ದೆ.

ಮಟ್ಟವಾದ ಫರಸಿಯ ಮೇಲೆ ಗಾಡಿ ನಿಲ್ಲಿಸಿ, ಟೈರುಗಳ ಗಾಳಿ ಸಮ ಮಾಡಿ, ಎರಡೂ ಬದಿಗೆ ಹಬ್ಬಿನ (ಗಾಲಿಯ ನಟ್ಟನಡುವಿನ ಭಾಗದ) ಎತ್ತರದಲ್ಲಿ ಗೌಂಡಿಗಳು ಬಳಸುವ ದಾರವನ್ನು ಬಿಗಿದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಗಲ ಒಂದೇ ಆಗಿರದ ಕಾರಣ ದಾರವನ್ನು ಟೈರಿಗೆ ತಾಗಿಸಿ ಕಟ್ಟಬಾರದು. ಮುಂದಿನ ಎರಡು ಹಬ್ಬುಗಳಿಂದ ದಾರಕ್ಕಿರುವ ಎಡಬಲ ದೂರ ಸಮನಾಗಿರಬೇಕು, ಹಿಂದಿನವುಗಳಿಂದಲೂ ಹಾಗೆಯೇ ಸಮನಾಗಿರಬೇಕು, ಜೊತೆಗೆ ಎರಡು ದಾರಗಳು ಒಂದಕ್ಕೊಂದು ಸಮಾಂತರವಾಗಿರಬೇಕು. ಇಲ್ಲಿ ಆತುರಪಟ್ಟರೆ ಆಮೇಲಿನ ಅಳತೆಗಳೆಲ್ಲ ವ್ಯರ್ಥ.

ನಂತರ ಸ್ಟೀಲ್ ಪಟ್ಟಿಯಿಂದ ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚುಗಳಿಂದ ದಾರಕ್ಕಿರುವ ದೂರ ಅಳೆದೆ. 13 ಇಂಚಿನ ರಿಮ್ಮಿನಲ್ಲಿ ಈ ಎರಡರ ನಡುವಿನ 1 ಮಿ.ಮೀ. ವ್ಯತ್ಯಾಸವೆಂದರೆ ಸುಮಾರು ಒಂದು ಡಿಗ್ರಿಯ ಆರನೇ ಒಂದು ಭಾಗ. ಬಲಗಾಲಿಯ ಮುಂದಿನ ಅಂಚು ದಾರಕ್ಕೆ ಹತ್ತಿರವಿತ್ತು, ಅಂದರೆ ಟೋ-ಔಟ್ (ಗಾಲಿ ಹೊರಮುಖ). ಕ್ಯಾಮನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಗಾಡಿಯನ್ನು ಹಿಂದೆಮುಂದೆ ಉರುಳಿಸಿ ಸಸ್ಪೆನ್ಷನ್ ಕೂರಲು ಬಿಟ್ಟು, ಮತ್ತೆ ಅಳೆದೆ. ಎರಡೂ ಬದಿಗೆ ಅಲ್ಪ ಟೋ-ಇನ್ (ಒಳಮುಖ) ಸಮನಾಗಿ ಬರುವವರೆಗೆ ಇದನ್ನು ಬಿಡಲಿಲ್ಲ, ಏಕೆಂದರೆ ಎಡಬಲಗಳ ಒಟ್ಟು ಮೊತ್ತ ಸರಿಯಿದ್ದರೂ ಅವು ಅಸಮವಾಗಿದ್ದರೆ ಗಾಡಿ ಓರೆಯಾಗಿಯೇ ಓಡುತ್ತದೆ.

ನಟ್‌ಗಳನ್ನು ಕೊನೆಯದಾಗಿ ಬಿಗಿಯುವಾಗ ಗಾಡಿಯ ಭಾರ ಗಾಲಿಗಳ ಮೇಲೆಯೇ ಇರಬೇಕು. ಜಾಕಿನ ಮೇಲೆ ಗಾಲಿ ಜೋತಾಡುತ್ತಿರುವಾಗ ಬಿಗಿದರೆ ಹೊಸ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಬಿಗಿದ ಬಳಿಕ ಇನ್ನೊಮ್ಮೆ ಅಳೆದು, ಅಳತೆ ಕದಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಗಾಲಿಗಳ ಟೋ ಸರಿಪಡಿಸಿದೆ.