ಮುಖ ಕೆಂಪೇರಿ ಉರಿಯುತ್ತಿದೆಯೇ? ಮೊದಲು ಹಚ್ಚುವುದನ್ನು ಕಡಿಮೆ ಮಾಡಿ

ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ನಿಂತವರ ಮುಖ ಕೆಂಪಾಗುವುದು ಸಹಜ. ಹೊರಗೆ ಬಂದು ಸ್ವಲ್ಪ ಹೊತ್ತು ಗಾಳಿಗೆ ಕುಳಿತರೆ ಅದು ಇಳಿಯಬೇಕು. ಕೆಲವರಿಗೆ ಇಳಿಯುವುದಿಲ್ಲ. ಕೆನ್ನೆ, ಮೂಗು, ಗಲ್ಲ, ಹಣೆಯ ನಡುಭಾಗ ದಿನವಿಡೀ ಕಾದಂತಿರುತ್ತದೆ. ಸೋಪು ತಾಗಿದರೆ ಚುರ್ ಎನ್ನುತ್ತದೆ. ತಿಂಗಳು ಕಳೆದಂತೆ ಮೊಡವೆಯಂಥ ಸಣ್ಣ ಗುಳ್ಳೆಗಳೂ ಏಳುತ್ತವೆ. ‘ಉಷ್ಣ ಜಾಸ್ತಿ ಆಗಿದೆ, ಎಳನೀರು ಕುಡಿ’ ಎನ್ನುತ್ತಾರೆ ಮನೆಯಲ್ಲಿ. ಎಳನೀರಿನಿಂದ ತೊಂದರೆಯೇನಿಲ್ಲ. ತೊಂದರೆ ಶುರುವಾಗುವುದು ಅದರ ಬೆನ್ನಿಗೇ ಬರುವ ಸಲಹೆಗಳಿಂದ. ಕಡಲೆಹಿಟ್ಟಿಗೆ ನಿಂಬೆರಸ ಹಿಂಡಿ ತಿಕ್ಕು, ಹಬೆ ತಗೋ, ಮೆಡಿಕಲ್ ಶಾಪಿನಲ್ಲಿ ಒಂದು ಕ್ರೀಮ್ ಸಿಗುತ್ತದೆ, ತಂದು ಹಚ್ಚು.

ಇಂಥ ಕೆಂಪಿಗೆ ಹಲವು ಕಾರಣಗಳಿರುತ್ತವೆ. ಅವುಗಳಲ್ಲಿ ಒಂದು ರೊಸೇಶಿಯಾ. ಮುಖದ ರಕ್ತನಾಳಗಳು, ನರಗಳು ಮತ್ತು ಚರ್ಮದ ರೋಗನಿರೋಧಕ ವ್ಯವಸ್ಥೆ ಸಣ್ಣ ಕಾರಣಕ್ಕೂ ಅತಿಯಾಗಿ ಪ್ರತಿಕ್ರಿಯಿಸುವ, ಬಹುಕಾಲ ಉಳಿಯುವ ಉರಿಯೂತ ಇದು. ಸಾಮಾನ್ಯವಾಗಿ 30 ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮುಖ ಸರಿಯಾಗಿ ತೊಳೆಯದೆ ಬಂದದ್ದೂ ಅಲ್ಲ. ಪೂರ್ತಿ ಬೇರುಸಹಿತ ಕೀಳುವ ಔಷಧ ಇಲ್ಲದಿದ್ದರೂ ಹಿಡಿತದಲ್ಲಿಟ್ಟುಕೊಂಡು ನೆಮ್ಮದಿಯಾಗಿ ಇರಲು ಖಂಡಿತ ಸಾಧ್ಯ.

ಬಿಳಿ ಚರ್ಮದವರ ಕಾಯಿಲೆ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಆ ಕಾರಣಕ್ಕೇ ನಮ್ಮ ಬಣ್ಣದ ಚರ್ಮದಲ್ಲಿ ಇದನ್ನು ಗುರುತಿಸುವುದು ತಡವಾಗುತ್ತದೆ. ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖದಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಕಂದು ಅಥವಾ ನೇರಳೆ ಛಾಯೆಯಾಗಿ ಕಾಣಬಹುದು. ಕಣ್ಣಿಗೆ ಕಾಣುವುದಕ್ಕಿಂತ ಅನುಭವಕ್ಕೆ ಬರುವುದು ಹೆಚ್ಚು: ಕಾವು, ಉರಿ, ಬಿಗಿತ, ಚುರುಚುರು. ಕಿಟಕಿಯ ಬೆಳಕಿನಲ್ಲಿ ನಿಂತು ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಕೆನ್ನೆಗೆ ಮೆಲ್ಲಗೆ ಒತ್ತಿ ನೋಡಿ. ಒತ್ತಿದ ಜಾಗ ತಿಳಿಯಾಗಿ, ಬಿಟ್ಟೊಡನೆ ಮತ್ತೆ ಬಣ್ಣ ತುಂಬಿಕೊಂಡರೆ ಅಲ್ಲಿನ ರಕ್ತನಾಳಗಳು ಹಿಗ್ಗಿವೆ ಎಂದು ತಿಳಿಯಬಹುದು. ಇದು ರೋಗ ನಿರ್ಣಯವಲ್ಲ, ವೈದ್ಯರಿಗೆ ಹೇಳಲು ಒಂದು ಸುಳಿವು ಅಷ್ಟೆ. ಮೊಡವೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಮೊಡವೆಯ ಜೊತೆ ಕಪ್ಪು ತಲೆಯ ಬ್ಲ್ಯಾಕ್‌ಹೆಡ್‌ಗಳಿರುತ್ತವೆ, ರೊಸೇಶಿಯಾದಲ್ಲಿ ಅವು ಇರುವುದಿಲ್ಲ.

ಹೆಜ್ಜೆ 1: ಟ್ಯೂಬಿನ ಹಿಂಬದಿ ಓದಿ

ಇದನ್ನು ಮೊದಲಿಗೇ ಹೇಳಬೇಕು. ನಮ್ಮ ಕಡೆ ಉರಿಯುವ ಮುಖಗಳ ಹಿಂದೆ ಎಷ್ಟೋ ಸಲ ಒಂದು ಸಣ್ಣ ಟ್ಯೂಬ್ ಇರುತ್ತದೆ. ಮದುವೆಗೆ ಮುನ್ನ ಮುಖ ಬೆಳ್ಳಗಾಗಲಿ, ಬಂಗು ಹೋಗಲಿ, ಮೊಡವೆ ಕಲೆ ಅಳಿಯಲಿ ಎಂದು ಚೀಟಿಯಿಲ್ಲದೆ ತಂದ ಕ್ರೀಮ್. ಅದನ್ನು ಹಚ್ಚಿದ ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಎಳೆ ಎಳೆಯಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಒಂದು ದಿನ ಬಿಟ್ಟರೂ ಬೆಂಕಿ ಬಿದ್ದಂತೆ ಉರಿ. ಮತ್ತೆ ಹಚ್ಚಿದರೆ ಉರಿ ತಣಿಯುವುದರಿಂದ ‘ಈ ಕ್ರೀಮ್ ಬಿಟ್ಟರೆ ನನಗೆ ಆಗುವುದೇ ಇಲ್ಲ’ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಟ್ಯೂಬನ್ನು ತಿರುಗಿಸಿ, ಸಣ್ಣ ಅಕ್ಷರದ ಸಾಲು ನೋಡಿ. ಓದಲು ಕಷ್ಟವಾದರೆ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್, ಅಂದರೆ ಉರಿಯೂತವನ್ನು ಬೇಗ ಅಡಗಿಸುವ, ಬಹಳ ಕಾಲ ಹಚ್ಚಿದರೆ ಚರ್ಮ ತೆಳುವಾಗಿಸುವ ಔಷಧ. ಮೊಮೆಟಾಸೋನ್ ಜೊತೆಗೆ ಹೈಡ್ರೊಕ್ವಿನೋನ್, ಟ್ರೆಟಿನೊಯಿನ್ ಸೇರಿದ್ದರೆ ಅದು ಬಂಗಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಕೊಡುವ ಮೂರು ಔಷಧಗಳ ಮಿಶ್ರಣ, ದಿನನಿತ್ಯದ ಫೇಸ್ ಕ್ರೀಮ್ ಅಲ್ಲವೇ ಅಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿದೆ. ಕೇಳಿದೊಡನೆ ಕೈಗೆ ಸಿಕ್ಕಿತು ಎಂದ ಮಾತ್ರಕ್ಕೆ ಅದು ನಿರಪಾಯಕಾರಿ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಮುಖಕ್ಕೆ ಹುಳುಕಡ್ಡಿ ಆದಾಗ ಇದನ್ನೇ ಹಚ್ಚಿದರೆ ತುರಿಕೆ ಅಡಗಿ, ಒಳಗೊಳಗೇ ಹರಡುತ್ತದೆ.

ಬಹಳ ಕಾಲ ಹಚ್ಚಿದವರು ಬಿಟ್ಟಾಗ ಉರಿ, ಊತ, ಗುಳ್ಳೆ ಕೆಲವು ವಾರ ಜೋರಾಗಿಯೇ ಇರುತ್ತದೆ. ಮಧ್ಯದಲ್ಲಿ ಹೆದರಿ ಮತ್ತೆ ಆ ಟ್ಯೂಬಿಗೇ ಮರಳುವವರೇ ಹೆಚ್ಚು. ಆದ್ದರಿಂದ ಬಿಡುವ ಕೆಲಸವನ್ನು ಚರ್ಮರೋಗ ವೈದ್ಯರ ಕೈಯಡಿಯೇ ಮಾಡಿ, ಆ ಉರಿ ತಡೆದುಕೊಳ್ಳಲು ಅವರು ಬೇರೆ ಔಷಧ ಕೊಡುತ್ತಾರೆ.

ಹೆಜ್ಜೆ 2: ಬಚ್ಚಲುಮನೆಯಲ್ಲಿ ಮುಖಕ್ಕೆ ಬೇರೆ ನೀರು

ಮಲೆನಾಡಿನ ಮನೆಯಲ್ಲಿ ಬಚ್ಚಲೊಲೆ ಆರುವುದೇ ಇಲ್ಲ. ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ತಲೆಯ ಮೇಲಿಂದ ಹುಯ್ದುಕೊಳ್ಳುವ ಸುಖ ಬಿಡಿ ಎಂದು ಯಾರಿಗೂ ಹೇಳಲಾಗದು. ಕತ್ತಿನಿಂದ ಕೆಳಗೆ ಬೇಕಾದಷ್ಟು ಹುಯ್ದುಕೊಳ್ಳಿ. ಮುಖಕ್ಕೆ ಮಾತ್ರ ಪಕ್ಕದಲ್ಲಿ ಇನ್ನೊಂದು ಬಕೆಟ್ ಇಟ್ಟು ಉಗುರುಬೆಚ್ಚಗಿಂತಲೂ ತುಸು ತಣ್ಣಗಿನ ನೀರು ಹದ ಮಾಡಿಕೊಳ್ಳಿ. ಒಳಮಣಿಕಟ್ಟಿನ ಮೇಲೆ ಹುಯ್ದಾಗ ಬಿಸಿಯೂ ಅನ್ನಿಸಬಾರದು, ಚಳಿಯೂ ಅನ್ನಿಸಬಾರದು. ತಲೆಸ್ನಾನದ ದಿನ ತಲೆ ಬಗ್ಗಿಸಿ, ನೀರು ಮುಖದ ಮೇಲೆ ಇಳಿಯದಂತೆ ಹುಯ್ದುಕೊಳ್ಳುವುದು ಒಳ್ಳೆಯದು. ಬಚ್ಚಲಿನ ಕಿಟಕಿ ತೆರೆದಿರಲಿ, ಹಬೆಯೂ ಹೊಗೆಯೂ ತುಂಬಿಕೊಂಡ ಕೋಣೆಯಲ್ಲಿ ಕಾಲು ಗಂಟೆ ಕುಳಿತರೆ ಬೇರೆ ಎಲ್ಲ ಎಚ್ಚರಿಕೆಯೂ ವ್ಯರ್ಥ.

ಮೈಸೋಪು ಮುಖಕ್ಕೆ ಬೇಡ. ನಮ್ಮ ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5ರ ಆಸುಪಾಸು. ಸಾಮಾನ್ಯ ಸೋಪಿನದು 9ರಿಂದ 10. ದಿನಕ್ಕೆ ಎರಡು ಸಲ ಆ ಕ್ಷಾರ ತಾಗಿದರೆ ಚರ್ಮದ ತೇವ ಹಿಡಿದಿಡುವ ಕೊಬ್ಬಿನಂಶ ತೊಳೆದುಹೋಗುತ್ತದೆ. ಸೀಗೆಪುಡಿ, ಅಂಟುವಾಳ ತಲೆಗೆ ಸರಿ, ಉರಿಯುವ ಕೆನ್ನೆಗೆ ಅಲ್ಲ. ಸುಗಂಧವಿಲ್ಲದ, ನೊರೆ ಹೆಚ್ಚು ಬಾರದ ಕ್ಲೆನ್ಸರ್ ಅಂಗಡಿಯಲ್ಲಿ ಸಿಗುತ್ತದೆ. ಸಂಜೆ ಒಮ್ಮೆ ಬೆರಳ ತುದಿಯಿಂದ ಹಚ್ಚಿ ತೊಳೆದರೆ ಸಾಕು, ಬೆಳಿಗ್ಗೆ ಬರೀ ನೀರು. ನಾರು, ಸ್ಕ್ರಬ್, ಕಡಲೆಹಿಟ್ಟಿನ ತಿಕ್ಕಾಟ ಯಾವುದೂ ಬೇಡ.

ಒರೆಸುವ ಬಟ್ಟೆಯ ಬಗ್ಗೆಯೂ ಒಂದು ಮಾತು. ಆಷಾಢ, ಶ್ರಾವಣದಲ್ಲಿ ಟವೆಲ್ ಮೂರು ದಿನವಾದರೂ ಒಣಗುವುದಿಲ್ಲ. ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿದರೆ ಒರಟಾಗಿ, ಹೊಗೆ ವಾಸನೆ ಹಿಡಿದಿರುತ್ತದೆ. ಹಳೆಯ ಹತ್ತಿ ಪಂಚೆಯನ್ನು ಕರವಸ್ತ್ರದಷ್ಟು ತುಂಡುಗಳಾಗಿ ಕತ್ತರಿಸಿಟ್ಟುಕೊಳ್ಳಿ. ತೆಳುವಾದ್ದರಿಂದ ಫ್ಯಾನಿನ ಗಾಳಿಗೇ ಒಣಗುತ್ತವೆ, ದಿನಕ್ಕೊಂದು ಬಳಸಬಹುದು. ಉಜ್ಜಬೇಡಿ, ಒತ್ತಿ ನೀರು ತೆಗೆಯಿರಿ.

ಹೆಜ್ಜೆ 3: ಒದ್ದೆ ಆರುವ ಮೊದಲೇ ಮಾಯಿಶ್ಚರೈಸರ್

ಮುಖದಲ್ಲಿ ತೇವ ಉಳಿದಿರುವಾಗಲೇ ತೆಳುವಾಗಿ ಹಚ್ಚಿ. ಗ್ಲಿಸರಿನ್, ಸೆರಮೈಡ್ ಇರುವ, ‘ಸುಗಂಧರಹಿತ’ ಎಂದು ಬರೆದ ಸಾದಾ ಕ್ರೀಮ್ ಸಾಕು. ಬೆಲೆ ಹೆಚ್ಚಿದಷ್ಟೂ ಒಳ್ಳೆಯದು ಎಂದೇನಿಲ್ಲ. ಜುಲೈನ ತೇವಕ್ಕೆ ತೆಳು ಲೋಷನ್, ಡಿಸೆಂಬರಿನ ಒಣಗಾಳಿಗೆ ಗಟ್ಟಿ ಕ್ರೀಮ್ ಹೊಂದುತ್ತದೆ. ಪುದೀನ, ಕರ್ಪೂರ, ನೀಲಗಿರಿ ಎಣ್ಣೆ, ಸ್ಪಿರಿಟ್ ಇರುವ ಯಾವುದೂ ಮುಖದ ಹತ್ತಿರ ಬರಬಾರದು. ಹಚ್ಚಿದ ಕ್ಷಣ ತಂಪೆನ್ನಿಸಿದರೂ ಅವು ನರಗಳನ್ನು ಕೆರಳಿಸುತ್ತವೆ. ನೆಗಡಿಯಾದಾಗ ಬಾಮ್ ಹಾಕಿ ಹಬೆ ತೆಗೆದುಕೊಳ್ಳುವುದನ್ನೂ ಬಿಡಿ. ಹಿತ್ತಲಿನ ಲೋಳೆಸರ ಬಳಸುವವರಿಗೆ ಒಂದು ಸೂಚನೆ: ಕತ್ತರಿಸಿದಾಗ ಸಿಪ್ಪೆಯ ಅಂಚಿನಿಂದ ಒಸರುವ ಹಳದಿ ರಸ ಚರ್ಮಕ್ಕೆ ಉರಿ ತರುತ್ತದೆ, ಅದಕ್ಕಾಗಿಯೇ ನಾನು ರೊಸೇಶಿಯಾ ಇರುವವರಿಗೆ ಅದನ್ನು ಸೂಚಿಸುವುದಿಲ್ಲ.

ಏನೇ ಹೊಸದು ತಂದರೂ ಒಂದು ಸಲಕ್ಕೆ ಒಂದೇ. ಕಿವಿಯ ಹಿಂದೆ ಅಥವಾ ದವಡೆಯ ಕೆಳಗೆ ಒಂದು ಬಟ್ಟಿನಷ್ಟು ಜಾಗಕ್ಕೆ ಮೂರು ನಾಲ್ಕು ದಿನ ಹಚ್ಚಿ ನೋಡಿ, ಸುಮ್ಮನಿದ್ದರೆ ಮುಖಕ್ಕೆ. ಎರಡು ಮೂರನ್ನು ಒಟ್ಟಿಗೆ ಶುರು ಮಾಡಿದರೆ ಯಾವುದು ಕಾಡಿತು ಎಂದು ತಿಳಿಯುವುದೇ ಇಲ್ಲ.

ಗಂಡಸರಿಗೂ ಇದೆಲ್ಲ ಅನ್ವಯಿಸುತ್ತದೆ. ಶೇವಿಂಗ್ ಆದ ಮೇಲೆ ಸ್ಫಟಿಕ, ಚುರುಗುಟ್ಟುವ ಆಫ್ಟರ್‌ಶೇವ್ ಬೇಡ ಎಂದು ಕ್ಷೌರದಂಗಡಿಯಲ್ಲಿ ಮೊದಲೇ ಹೇಳಿ. ಮೂಗು ದಪ್ಪಗಾಗಿ ಗಂಟುಗಂಟಾಗುವ ಬಗೆಯ ರೊಸೇಶಿಯಾ ಗಂಡಸರಲ್ಲೇ ಹೆಚ್ಚು. ಅದನ್ನು ಕುಡಿತದ ಗುರುತೆಂದು ಆಡಿಕೊಳ್ಳುವುದು ಅನ್ಯಾಯ, ಒಂದು ತೊಟ್ಟೂ ಕುಡಿಯದವರಿಗೂ ಬರುತ್ತದೆ.

ಹೆಜ್ಜೆ 4: ಬಿಸಿಲು

ರೊಸೇಶಿಯಾ ಕೆರಳಿಸುವುದರಲ್ಲಿ ಬಿಸಿಲಿನದು ಮೇಲುಗೈ. ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಸೂಕ್ಷ್ಮ ಚರ್ಮಕ್ಕೆ ಹೊಂದುತ್ತದೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎಳೆದಷ್ಟು ಕ್ರೀಮ್ ಮುಖಕ್ಕೂ ಕತ್ತಿಗೂ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಿಳಿ ಬಿಳಿ ಕಾಣುತ್ತದೆ ಎನ್ನುವವರಿಗೆ ಚರ್ಮದ ಬಣ್ಣ ಬೆರೆಸಿದವೂ ಸಿಗುತ್ತವೆ. ಆಗುಂಬೆಯ ಕಡೆ ಹಗಲೂ ದೀಪ ಹಚ್ಚುವಷ್ಟು ಮೋಡ ಕವಿದ ದಿನ ಮನೆಯೊಳಗೇ ಇದ್ದರೆ ಇದರ ಹಂಗಿಲ್ಲ. ಮಳೆ ಬಿಟ್ಟು ಬಿಟ್ಟು ಬರುವ ದಿನ ಮಾತ್ರ ಮರೆಯಬಾರದು, ತೆಳುಮೋಡ ನೇರಳಾತೀತ ಕಿರಣವನ್ನು ಪೂರ್ತಿ ತಡೆಯುವುದಿಲ್ಲ.

ಅಂಗಳದಲ್ಲಿ ಅಡಿಕೆ ಹರಗುವವರಿಗೆ, ಗದ್ದೆ ಕೆಲಸದವರಿಗೆ ಎರಡು ಗಂಟೆಗೊಮ್ಮೆ ಕ್ರೀಮ್ ಹಚ್ಚುವುದು ಆಗಿಬರುವ ಮಾತಲ್ಲ. ಅವರಿಗೆ ಹಾಳೆಟೋಪಿ, ಅಗಲ ಅಂಚಿನ ಬಟ್ಟೆ ಟೋಪಿ, ತಲೆಮೇಲಿನ ಸೆರಗೇ ದೊಡ್ಡ ರಕ್ಷಣೆ. ಹರಗುವ ಕೆಲಸವನ್ನು ಬೆಳಿಗ್ಗೆ 10ರ ಒಳಗೆ ಮುಗಿಸಿ, ಬಾಚುವ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳಿ. ಕಾಡಿಗೆ ಹೋಗುವಾಗ ಮಂಗನ ಕಾಯಿಲೆಯ ಉಣುಗು ತಡೆಯಲು ಹಚ್ಚುವ ಎಣ್ಣೆಯನ್ನು ಬಿಡಬೇಡಿ. ಕೈಕಾಲಿಗೆ ಹಚ್ಚಿ, ಕೆರಳಿದ ಮುಖಕ್ಕೆ ತಾಗದಂತೆ ಕೈ ತೊಳೆದುಕೊಳ್ಳಿ.

ಹೆಜ್ಜೆ 5: ಒಲೆ, ಕಷಾಯ, ಸೂಜಿಮೆಣಸು

ಬಿಸಿಗೂ ಖಾರಕ್ಕೂ ನರದ ತುದಿಯಲ್ಲಿರುವ ಬಾಗಿಲು ಒಂದೇ. ಟಿಆರ್‌ಪಿವಿ1 ಎಂಬ ಈ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಸೂಜಿಮೆಣಸಿನ ಚಟ್ನಿ ತಿಂದಾಗ ಒಲೆ ಮುಂದೆ ಕುಳಿತಂತೆ ಮುಖ ಕಾಯುವುದು ಇದರಿಂದಲೇ. ಹಾಗೆಂದು ಎಲ್ಲರೂ ಎಲ್ಲವನ್ನೂ ಬಿಡಬೇಕಿಲ್ಲ. ಒಬ್ಬರಿಗೆ ಖಾರ, ಒಬ್ಬರಿಗೆ ಬಿಸಿಲು, ಇನ್ನೊಬ್ಬರಿಗೆ ಮನಸ್ಸಿನ ಒತ್ತಡ, ಮುಟ್ಟು ನಿಲ್ಲುವ ವಯಸ್ಸಿನವರಿಗೆ ಮೈ ಬಿಸಿಯೇರುವುದು, ಕೆಲವರಿಗೆ ಮದ್ಯ. ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ಮುಖ ಕೆಂಪೇರಿದ ಹೊತ್ತನ್ನೂ ಅದಕ್ಕೆ ಹಿಂದಿನ ಒಂದೆರಡು ಗಂಟೆ ಏನು ತಿಂದಿರಿ, ಎಲ್ಲಿದ್ದಿರಿ ಎಂಬುದನ್ನೂ ಬರೆಯುತ್ತ ಹೋಗಿ. ತಿಂಗಳೊಪ್ಪತ್ತಿನಲ್ಲಿ ನಿಮ್ಮ ಪಟ್ಟಿ ನಿಮಗೇ ಸಿಗುತ್ತದೆ.

ಕಾಫಿಪ್ರಿಯರು ನೆಮ್ಮದಿಯಾಗಿರಬಹುದು. ಮುಖ ಕೆಂಪೇರಿಸುವುದು ಕಾಫಿಯ ಬಿಸಿಯೇ ಹೊರತು ಕೆಫೀನ್ ಅಲ್ಲ. ಕಾಫಿಯನ್ನಾಗಲಿ ಕೊತ್ತಂಬರಿ ಜೀರಿಗೆ ಕಷಾಯವನ್ನಾಗಲಿ ಆರಿಸಿ ಕುಡಿಯಿರಿ. ಕಷಾಯಕ್ಕೆ ಕಾಳುಮೆಣಸು ಕಡಿಮೆ ಇರಲಿ. ಅಡಿಕೆ ಬೇಯಿಸುವಲ್ಲಿ ಹಂಡೆಯ ಮೇಲೆ ಬಗ್ಗಿ ಜರಡಿಯಲ್ಲಿ ಅಡಿಕೆ ಎತ್ತುವ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಟ್ಟು ನೀವು ಸುಲಿಯಲು ಕುಳಿತುಕೊಳ್ಳಿ. ಬಿಡಲಾಗದಿದ್ದರೆ ಗಾಳಿ ಬರುವ ಕಡೆ ನಿಂತು, ನಡುನಡುವೆ ಹೊರಗೆ ಬಂದು ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಖದ ಮೇಲೆ ಹತ್ತು ನಿಮಿಷ ಹರಡಿಕೊಳ್ಳಿ. ಐಸ್ ನೇರವಾಗಿ ಒತ್ತಬೇಡಿ.

ಹೆಜ್ಜೆ 6: ವೈದ್ಯರ ಬಳಿ

ಇಷ್ಟು ಮಾಡಿ ತಿಂಗಳಾದರೂ ತಗ್ಗದಿದ್ದರೆ, ಅಥವಾ ಗುಳ್ಳೆಗಳು ಏಳುತ್ತಿದ್ದರೆ ಚರ್ಮರೋಗ ವೈದ್ಯರನ್ನೇ ಕಾಣಿ. ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಬೋಧನಾ ಆಸ್ಪತ್ರೆ, ಅಲ್ಲಿ ಚರ್ಮರೋಗಕ್ಕೂ ತೋರಿಸಬಹುದು. ಹೋಗುವಾಗ ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್, ಡಬ್ಬಿಗಳನ್ನು, ಹಳ್ಳಿಮದ್ದಿನ ಪುಡಿಯನ್ನೂ ಬಿಡದೆ ಒಂದು ಚೀಲದಲ್ಲಿ ಒಯ್ಯಿರಿ. ಮುಖ ಜೋರಾಗಿ ಕೆರಳಿದ್ದಾಗ ಮೊಬೈಲಿನಲ್ಲಿ ತೆಗೆದ ಫೋಟೊ ಇರಲಿ, ಬಸ್ಸಿಳಿದು ಸರದಿಯಲ್ಲಿ ಕುಳಿತು ಒಳಗೆ ಹೋಗುವ ಹೊತ್ತಿಗೆ ಕೆಂಪು ಇಳಿದಿರುತ್ತದೆ.

ಮೆಟ್ರೊನಿಡಜೋಲ್, ಅಝೆಲಿಕ್ ಆಸಿಡ್, ಐವರ್‌ಮೆಕ್ಟಿನ್ ಹಚ್ಚುವ ಔಷಧಗಳು. ಗುಳ್ಳೆ ಹೆಚ್ಚಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೂ ಕೊಡುತ್ತಾರೆ. ಬಸುರಿಯರಿಗೆ ಅದು ಸಲ್ಲದು, ಹಾಗಾಗಿ ಮೊದಲೇ ತಿಳಿಸಿ. ಫಲ ಕಾಣಲು 6ರಿಂದ 12 ವಾರ ಹಿಡಿಯಬಹುದು, ಹದಿನೈದು ದಿನಕ್ಕೇ ಬೇಸತ್ತು ವೈದ್ಯರನ್ನು ಬದಲಿಸಬೇಡಿ. ಎಳೆಎಳೆಯಾಗಿ ಕಾಣುವ ರಕ್ತನಾಳಗಳು ಮಾತ್ರ ಮುಲಾಮಿಗೆ ಹೋಗುವುದಿಲ್ಲ, ಅವಕ್ಕೆ ಲೇಸರ್ ಚಿಕಿತ್ಸೆ ಇದೆ.

ತಿಂಗಳು ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಕೆನ್ನೆಯ ಕೆಂಪಿನ ಜೊತೆ ಗಂಟುನೋವು, ಜ್ವರ, ಬಾಯಿಹುಣ್ಣು, ಕೂದಲು ಉದುರುವುದು ಸೇರಿದರೆ ಅದು ಲೂಪಸ್ ಎಂಬ ಬೇರೆಯೇ ಕಾಯಿಲೆ ಇರಬಹುದು, ರಕ್ತಪರೀಕ್ಷೆ ಬೇಕು. ರೊಸೇಶಿಯಾ ಕಣ್ಣಿಗೂ ಬರುತ್ತದೆ. ಮರಳು ಬಿದ್ದಂತೆ ಚುಚ್ಚುವುದು, ರೆಪ್ಪೆಯಂಚು ಕೆಂಪಾಗುವುದು, ಪದೇ ಪದೇ ಕಣ್ಣುಕುಟಿಗೆ ಏಳುವುದು ಅದರ ಗುರುತು. ಬೆಳಕು ನೋಡಲಾಗದಷ್ಟು ನೋವಿದ್ದರೆ ಅಥವಾ ದೃಷ್ಟಿ ಮಸುಕಾದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ, ಮುಖಕ್ಕೆ ಏನೇನು ಹಚ್ಚುತ್ತಿದ್ದೀರಿ ಎಂಬುದನ್ನು ಅವರಿಗೂ ಹೇಳಿ.