ಯುಟಿವಿ ಕಷ್ಟದ ದಾರಿಗೆ ಇಳಿಸುವ ಮುಂಚೆ ನೀವು ಇಳಿದು ನೋಡಿ

ಯುಟಿವಿ ಅಂದರೆ ರಸ್ತೆ ಇಲ್ಲದ ಕಚ್ಚಾ ದಾರಿಯಲ್ಲಿ ಓಡಿಸೋಕೆ ಅಂತಲೇ ಮಾಡಿದ, ಅಕ್ಕಪಕ್ಕ ಸೀಟಿರುವ ಗಾಡಿ. ನೋಡೋಕೆ ಪುಟ್ಟ ಜೀಪಿನ ಹಾಗೇ ಇರುತ್ತದೆ. ಅದಕ್ಕೇ ತುಂಬಾ ಜನ ಜೀಪಿನ ಹಾಗೇ ಓಡಿಸಿಬಿಡುತ್ತಾರೆ. ಆದರೆ ಇದರ ಅಗಲ ಕಡಿಮೆ, ನೆಲದಿಂದ ಎತ್ತರ ಜಾಸ್ತಿ, ಹಾಗಾಗಿ ಪಲ್ಟಿ ಹೊಡೆಯೋದು ಸುಲಭ. ಪಲ್ಟಿಯಾಗುವಾಗ ಎಲ್ಲರೂ ಮಾಡುವ ಒಂದು ತಪ್ಪಿದೆ. ಬೀಳೋದನ್ನು ತಡೆಯೋಣ ಅಂತ ಕೈನೋ ಕಾಲೋ ಹೊರಗೆ ಚಾಚುತ್ತಾರೆ, ನಮ್ಮನ್ನು ಕಾಪಾಡಬೇಕಾದ ರೋಲ್ ಕೇಜ್ (ಸೀಟುಗಳ ಸುತ್ತ ಇರುವ ಲೋಹದ ಪಂಜರ) ಕಂಬಿಯೇ ಅದರ ಮೇಲೆ ಬಂದು ಕೂರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಲ್ಟ್, ಹೆಲ್ಮೆಟ್ ಹಾಕಿ, ಪಕ್ಕದ ನೆಟ್ ಸಿಕ್ಕಿಸಿ. ಬೆಲ್ಟ್ ಇಲ್ಲದಿದ್ದರೆ ಕೇಜ್ ಇದ್ದೂ ಉಪಯೋಗವಿಲ್ಲ. ಬೆನ್ನು ಸೀಟಿಗೆ ಒರಗಿದಾಗ ಪಾದ ನೆಲ ಮುಟ್ಟದ ಮಕ್ಕಳನ್ನು ಕೂರಿಸಿಕೊಳ್ಳಲೇಬೇಡಿ.

ಕಷ್ಟದ ಜಾಗ ಬಂದಾಗ ಗಾಡಿ ನಿಲ್ಲಿಸಿ, ಇಳಿದು, ನಡೆದು ನೋಡಿ. ಸೀಟಿನಲ್ಲಿ ಕೂತವರಿಗೆ ಬಾನೆಟ್ ಆಚೆಗಿನ ಗುಂಡಿ ಕಾಣೋದಿಲ್ಲ. ಯಾವ ಚಕ್ರ ಯಾವ ಕಲ್ಲಿನ ಮೇಲೆ ಹೋಗಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು, ಫೋರ್ ವೀಲ್ ಡ್ರೈವ್ ಮತ್ತು ಲೋ ಗೇರ್ ಸಮತಟ್ಟು ನೆಲದಲ್ಲೇ ಹಾಕಿಕೊಳ್ಳಿ, ಏರಿನ ಮಧ್ಯೆ ಹುಡುಕಾಡಬೇಡಿ. ಹೈ ಗೇರಿನಲ್ಲೇ ನಿಧಾನವಾಗಿ ತೆವಳಿದರೆ ಸಿವಿಟಿ (ತಾನೇ ವೇಗಕ್ಕೆ ಹೊಂದಿಕೊಳ್ಳುವ ಗೇರ್ ವ್ಯವಸ್ಥೆ) ಒಳಗೆ ಎಂಜಿನ್ ಶಕ್ತಿಯನ್ನು ಚಕ್ರದ ಕಡೆ ಸಾಗಿಸುವ ಬೆಲ್ಟ್ ಬಿಸಿಯಾಗಿ ಸುಟ್ಟುಹೋಗುತ್ತದೆ.

ನನ್ನ ಪ್ರಕಾರ ಅತಿ ಅಪಾಯ ಇರೋದು ಇಳಿಜಾರಿನಲ್ಲಿ. ಏರೋದಾದರೂ ಇಳಿಯೋದಾದರೂ ನೇರವಾಗಿ ಹೋಗಿ. ತುದಿ ಹತ್ತಿರ ಬಂದಾಗ ವೇಗ ಇಳಿಸಿ, ಆಚೆ ಬದಿ ಏನಿದೆಯೋ ಗೊತ್ತಿರಲ್ಲ. ಅರ್ಧದಲ್ಲಿ ಗಾಡಿ ನಿಂತುಹೋದರೆ ತಿರುಗಿಸಿಕೊಳ್ಳುವ ಆಸೆ ಬಿಟ್ಟುಬಿಡಿ: ಬ್ರೇಕ್ ಒತ್ತಿ ಹಿಡಿದು, ರಿವರ್ಸ್ ಹಾಕಿ, ಹಿಂದೆ ನೋಡುತ್ತಾ ಬಂದ ದಾರಿಯಲ್ಲೇ ನೇರ ಇಳಿಯಿರಿ. ಕೆಳಗಿಳಿಯುವಾಗ ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಕೆಲವು ಸಿವಿಟಿ ಗಾಡಿಗಳಿಗೆ ಎಂಜಿನ್ ಬ್ರೇಕಿಂಗ್ ಇರಲ್ಲ, ಆಕ್ಸಿಲರೇಟರ್ ಬಿಟ್ಟ ತಕ್ಷಣ ಸುಮ್ನೆ ಉರುಳೋಕೆ ಶುರು ಮಾಡುತ್ತವೆ, ನಿಮ್ಮದು ಯಾವ ಥರ ಅನ್ನೋದನ್ನು ಚಿಕ್ಕ ಇಳಿಜಾರಿನಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಚಕ್ರ ಲಾಕ್ ಆಗಿ ಜಾರಿದರೆ ಬ್ರೇಕ್ ಸ್ವಲ್ಪ ಸಡಿಲ ಬಿಡಿ. ಚಕ್ರ ಉರುಳಿದರೆ ತಾನೇ ಸ್ಟೀರಿಂಗ್ ಕೇಳೋದು? ಗುಡ್ಡಕ್ಕೆ ಅಡ್ಡ ಹೋಗೋದನ್ನು ಆದಷ್ಟು ತಪ್ಪಿಸಿ. ಹೋಗಲೇಬೇಕಾಗಿ ಬಂದು ಮೇಲಿನ ಚಕ್ರ ಹಗುರ ಅನ್ನಿಸಿದರೆ, ಸ್ಟೀರಿಂಗನ್ನು ಕೆಳಬದಿಗೆ ತಿರುಗಿಸಿ. ಮನಸ್ಸು ಮೇಲಕ್ಕೆ ತಿರುಗಿಸು ಅನ್ನುತ್ತೆ, ಕೇಳಬೇಡಿ. ಹಿಂದಿನ ತೊಟ್ಟಿಯಲ್ಲಿ ಸಾಮಾನಿದ್ದರೆ ತಗ್ಗಾಗಿ ಜೋಡಿಸಿ, ಬಿಗಿಯಾಗಿ ಕಟ್ಟಿ.

ಕಲ್ಲಿನ ದಾರಿಯಲ್ಲಿ ದೊಡ್ಡ ಕಲ್ಲನ್ನು ಎರಡು ಚಕ್ರದ ನಡುವೆ ಬಿಡಬೇಡಿ, ಗಾಡಿಯ ಹೊಟ್ಟೆಗೆ ಬಡಿಯುತ್ತದೆ. ಟಯರನ್ನೇ ಅದರ ಮೇಲೆ ಹತ್ತಿಸಿ. ಇನ್ನೊಂದು, ಹೆಬ್ಬೆರಳು. ಸ್ಟೀರಿಂಗ್ ಒಳಗೆ ಸುತ್ತಿ ಹಿಡಿಯದೆ, ಉಳಿದ ಬೆರಳುಗಳ ಜೊತೆ ಅಂಚಿನ ಮೇಲೇ ಇಟ್ಟುಕೊಳ್ಳಿ. ಒಮ್ಮೆ ಮುಂದಿನ ಚಕ್ರ ಕಲ್ಲಿಗೆ ತಾಗಿ ಸ್ಟೀರಿಂಗ್ ಗಿರ್ರಂತ ತಿರುಗಿ ಅದರ ಕಡ್ಡಿ ನನ್ನ ಹೆಬ್ಬೆರಳಿಗೆ ಹೊಡೆದು, ಎರಡು ವಾರ ಶರ್ಟಿನ ಗುಂಡಿ ಹಾಕೋಕೂ ಆಗಿರಲಿಲ್ಲ.

ನೀರು ಕಂಡರೆ ಕೋಲು ಹಿಡಿದು ಆಳ ನೋಡಿ. ಕಾಲಿಡುವ ಹಲಗೆಗಿಂತ ಮೇಲೆ ಬರುವಷ್ಟಿದ್ದರೆ ಅಥವಾ ರಭಸವಿದ್ದರೆ ವಾಪಸ್ ಬನ್ನಿ. ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ನಾಲ್ಕೈದು ಸಲ ಒತ್ತಿ ಒಣಗಿಸಿ.

ಕೆಸರಲ್ಲಿ ಒಂದೇ ಸಮನೆ ಆಕ್ಸಿಲರೇಟರ್ ಕೊಡಿ. ಚಕ್ರ ಸುಮ್ನೆ ಸುತ್ತೋಕೆ ಶುರುವಾದರೆ ನಿಲ್ಲಿಸಿ, ಇಲ್ಲದಿದ್ದರೆ ಗುಂಡಿ ತೋಡಿಕೊಳ್ಳುತ್ತೀರಿ. ಸಿಕ್ಕಿಕೊಂಡ ಗಾಡಿಯನ್ನು ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತಾ ಎಳೆಯುವ ವಿಂಚ್ ಬಳಸುವಾಗ ಗ್ಲೌಸ್ ಬೇಕೇ ಬೇಕು. ಡ್ರಮ್ ಮೇಲೆ ಉಕ್ಕಿನ ಹಗ್ಗವಾದರೆ ಕನಿಷ್ಠ 5 ಸುತ್ತು ಉಳಿದಿರಲಿ. ಹಗ್ಗದ ಮೇಲೆ ದಪ್ಪ ಕಂಬಳಿ ಹಾಕಿ, ಬಿಗಿಯಾದ ಹಗ್ಗವನ್ನು ಯಾರೂ ದಾಟಬಾರದು, ಹತ್ತಿರ ನಿಲ್ಲಲೂಬಾರದು. ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ.

ಮರಳಿಗೆ ಅಂತ ಟಯರಿನ ಗಾಳಿ ಇಳಿಸಿದ್ದರೆ, ಗಟ್ಟಿ ನೆಲಕ್ಕೆ ಬಂದ ತಕ್ಷಣ ಮತ್ತೆ ತುಂಬಿಸಿ, ಆಮೇಲೆ ವೇಗ ಹೆಚ್ಚಿಸಿ. ಗಾಳಿ ಕಡಿಮೆ ಇರುವ ಟಯರ್ ಜೋರು ತಿರುವಿನಲ್ಲಿ ರಿಮ್‌ನಿಂದಲೇ ಕಳಚಿಕೊಳ್ಳಬಹುದು.