ಪಿಕಪ್ ಇಲ್ಲ ಅಂದ ಕೂಡಲೇ ಪಂಪ್ ಬಿಚ್ಚಬೇಡಿ

ಲೋಡ್ ಹಾಕಿ ಏರು ಹತ್ತಿಸಿದರೆ ನನ್ನ ಲಾರಿ ಎಳೆಯುತ್ತಿರಲಿಲ್ಲ. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು, ಸ್ಟಾರ್ಟಿಂಗ್ ತೊಂದರೆ ಇಲ್ಲ, ಐಡಲ್‌ನಲ್ಲಿ ಶಬ್ದವೂ ಸರಿ. ಹಳೆ ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಡೀಸೆಲ್ ಇಂಜಿನ್, ಡೀಸೆಲ್ ಅಳೆದು ಇಂಜಿನ್‌ಗೆ ಕೊಡುವ ಪಂಪ್ ಮೆಕ್ಯಾನಿಕಲ್. ದೋಷ ತೋರಿಸುವ ಸ್ಕ್ಯಾನರ್ ಹಾಕಿ ನೋಡೋಣ ಅಂದರೆ ಅದನ್ನು ಸಿಕ್ಕಿಸೋಕೆ ಜಾಗವೇ ಇಲ್ಲ. ಇಂಥ ಗಾಡಿಯಲ್ಲಿ ಪಿಕಪ್ ಇಲ್ಲ ಅಂದ ತಕ್ಷಣ ಎಲ್ಲರ ಕಣ್ಣೂ ಪಂಪಿನ ಮೇಲೆ. ಬಿಚ್ಚಿ ಕ್ಯಾಲಿಬ್ರೇಶನ್‌ಗೆ (ಡೀಸೆಲ್ ಅಳತೆ ಸರಿಮಾಡಿಸಲು) ಕಳಿಸಿ, ಡೀಸೆಲ್ ಸಿಂಪಡಿಸುವ ನಾಝಲ್ ಬದಲಿಸಿ ಅಂತ ನನಗೂ ಹೇಳಿದರು. ನಾನು ಒಪ್ಪಲಿಲ್ಲ. ಕಾರಣ ಹೊಗೆ.

ಹೊಗೆಯನ್ನು ನಿಂತಲ್ಲೇ ರೇಸ್ ಕೊಟ್ಟು ನೋಡಿದರೆ ಪ್ರಯೋಜನವಿಲ್ಲ, ಲೋಡ್ ಇಲ್ಲದೆ ಟರ್ಬೊ ಪ್ರೆಶರ್ ಸರಿಯಾಗಿ ಏರುವುದೇ ಇಲ್ಲ. ಹಿಂದೆ ಇನ್ನೊಂದು ಗಾಡಿಯಲ್ಲಿ ಯಾರಾದರೂ ಬಂದು ಏರಿನಲ್ಲೇ ನೋಡಬೇಕು. ಕಪ್ಪು ಹೊಗೆ ಜಾಸ್ತಿ ಇದ್ದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ ಅಥವಾ ನಾಝಲ್ ಸರಿಯಾಗಿ ಸ್ಪ್ರೇ ಮಾಡುತ್ತಿಲ್ಲ: ಏರ್ ಕ್ಲೀನರ್, ಟರ್ಬೊದಿಂದ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಹೋಗುವ ಹೋಸು, ನಾಝಲ್ ನೋಡಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಬಂದರೆ ಟೈಮಿಂಗ್ (ಡೀಸೆಲ್ ಸಿಂಪಡಿಸುವ ಸಮಯ), ನಾಝಲ್, ಕಂಪ್ರೆಶನ್ (ಸಿಲಿಂಡರ್‌ನಲ್ಲಿ ಗಾಳಿ ಒತ್ತುವಿಕೆ) ಕಡೆ ಹೋಗಿ. ನನ್ನದರಲ್ಲಿ ಹೊಗೆಯೇ ಇರಲಿಲ್ಲ. ಪೆಡಲ್ ಪೂರ್ತಿ ಒತ್ತಿದರೂ ಸೈಲೆನ್ಸರ್ ಸ್ವಚ್ಛ. ಅಂದರೆ ಉರಿಯೋಕೆ ಬೇಕಾದಷ್ಟು ಡೀಸೆಲ್ಲೇ ಸಿಗುತ್ತಿಲ್ಲ, ಅಲ್ವಾ?

ಖರ್ಚಿಲ್ಲದ ಕೆಲಸ ಮೊದಲು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಪಂಪಿನ ಲಿವರ್ ಸ್ಟಾಪರ್‌ವರೆಗೆ ಹೋಗುತ್ತದಾ ನೋಡಿದೆ, ಹೋಗುತ್ತಿತ್ತು. ಮ್ಯಾನಿಫೋಲ್ಡ್‌ನಿಂದ ಪಂಪಿಗೆ ಟರ್ಬೊ ಪ್ರೆಶರ್ ತರುವ ಸಣ್ಣ ಬೂಸ್ಟ್ ಪೈಪ್ ಹರಿದಿದ್ದರೆ ಪಂಪ್ ಡೀಸೆಲ್ ಜಾಸ್ತಿ ಮಾಡುವುದಿಲ್ಲ, ಆಗಲೂ ಹೊಗೆಯಿಲ್ಲದೆ ಹೀಗೇ ಆಗುತ್ತದೆ. ಅದೂ ಸರಿಯಿತ್ತು. ಬ್ರೇಕ್ ಹಿಡಿದುಕೊಂಡು ಯಾವ ಚಕ್ರದ ಹಬ್ಬೂ (ಚಕ್ರದ ನಡುಭಾಗ) ಬಿಸಿಯಾಗಿರಲಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದೆ, ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಫೀಡ್ ಪಂಪಿನ ಜಾಲರಿ ತೊಳೆದೆ. ಏನೂ ವ್ಯತ್ಯಾಸ ಬರಲಿಲ್ಲ.

ಇನ್ನು ಉಳಿದದ್ದು ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಲೈನ್. ಇಲ್ಲಿ ಜನ ಮೋಸ ಹೋಗುತ್ತಾರೆ, ಯಾಕೆಂದರೆ ಈ ಭಾಗದಲ್ಲಿ ಫೀಡ್ ಪಂಪ್ ಡೀಸೆಲ್ಲನ್ನು ಎಳೆಯುತ್ತದೆ, ತಳ್ಳುವುದಿಲ್ಲ. ಸಣ್ಣ ತೂತು ಇದ್ದರೂ ಎಷ್ಟೋ ಸಲ ಹೊರಗೆ ಒಂದು ಹನಿ ಡೀಸೆಲ್ ಕಾಣುವುದಿಲ್ಲ, ಬದಲಿಗೆ ಒಳಗೆ ಗಾಳಿ ಹೋಗುತ್ತದೆ. ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಫೀಡ್ ಪಂಪಿನ ಮುಂಚೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿದೆ. ಗುಳ್ಳೆ ಇಲ್ಲ! ಟ್ಯಾಂಕ್ ತುಂಬಿತ್ತು, ಆವತ್ತು ಗಾಡಿಯೂ ಚೆನ್ನಾಗಿ ಎಳೆಯಿತು. ಡೀಸೆಲ್ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ರೇಸ್ ಕೊಟ್ಟು ನೋಡಿದರೆ ಹೋಸಿನಲ್ಲಿ ಗುಳ್ಳೆಗಳ ಸಾಲು.

ಆಗ ಟ್ಯಾಂಕ್ ಬಿಟ್ಟು ನೇರ ಕ್ಯಾನ್‌ನಿಂದ ಡೀಸೆಲ್ ಕೊಟ್ಟೆ. ಇಂಜಿನ್ ಬಿಸಿ ಪೈಪಿನ ಹತ್ತಿರ ಕ್ಯಾನ್ ಇಡಬೇಡಿ, ಗಟ್ಟಿಯಾಗಿ ಕಟ್ಟಿ. ಗುಳ್ಳೆ ನಿಂತಿತು. ಹಾಗಾದರೆ ಗಾಳಿ ಬರುತ್ತಿದ್ದದ್ದು ಟ್ಯಾಂಕ್ ಕಡೆಯಿಂದಲೇ. ಟ್ಯಾಂಕ್ ತುಂಬಿದ್ದಾಗ ಗಾಡಿ ಚೆನ್ನಾಗಿ ಎಳೆದಿತ್ತಲ್ಲ, ಹಾಗಾಗಿ ಫೀಡ್ ಪಂಪ್ ಮೇಲೂ ಅದರಾಚೆ ಇರುವ ದೊಡ್ಡ ಪಂಪಿನ ಮೇಲೂ ಅನುಮಾನ ಪಡೋ ಅಗತ್ಯ ಇಲ್ಲ. ಟ್ಯಾಂಕಿನೊಳಗೆ ಇಳಿಯುವ ಸಕ್ಷನ್ ಪೈಪ್ ಬಿಚ್ಚಿ ಹೊರಗೆ ತೆಗೆದರೆ ಸುಮಾರು ಮಧ್ಯದಲ್ಲಿ ತುಕ್ಕು ತಿಂದು ಕೂದಲೆಳೆಯಷ್ಟು ಬಿರುಕು. ಡೀಸೆಲ್ ಅದಕ್ಕಿಂತ ಮೇಲಿದ್ದಾಗ ಬಿರುಕಿನಿಂದಲೂ ಡೀಸೆಲ್ಲೇ ಬರುತ್ತಿತ್ತು, ಕೆಳಗಿಳಿದರೆ ಗಾಳಿ. ಖಾಲಿ ಗಾಡಿಗೆ ಸ್ವಲ್ಪ ಡೀಸೆಲ್ ಸಾಕು, ಹಾಗಾಗಿ ಗೊತ್ತಾಗುತ್ತಿರಲಿಲ್ಲ.

ಬೆಸುಗೆ ಹಾಕಿ ಮುಚ್ಚಬಹುದಿತ್ತು. ಆದರೆ ಒಂದು ಕಡೆ ತುಕ್ಕು ತಿಂದ ಪೈಪ್ ಇನ್ನೊಂದು ಕಡೆ ಬಿಡುತ್ತದಾ? ಹೊಸದನ್ನೇ ಹಾಕಿದೆ. ಜೊತೆಗೆ ಬಿಚ್ಚಿದ ಕಡೆಯೆಲ್ಲ ತಾಮ್ರದ ವಾಷರ್ ಹೊಸದು, ಹಳೇದನ್ನೇ ಬಿಗಿದರೆ ಅಲ್ಲಿಂದಲೇ ಮತ್ತೆ ಗಾಳಿ ಎಳೆಯಬಹುದು. ಕೈ ಪಂಪ್ ಹೊಡೆದು ಏರ್ ತೆಗೆದು, ಟ್ಯಾಂಕ್ ಕಡಿಮೆ ಇರುವಾಗಲೇ ಲೋಡ್ ಹಾಕಿ ಏರು ಹತ್ತಿಸಿ ನೋಡಿದೆ. ಮುಂಚೆ ಸೆಕೆಂಡ್‌ಗೆ ಇಳಿಸುತ್ತಿದ್ದ ಕಡೆ ಥರ್ಡ್‌ನಲ್ಲೇ ಹೋಯಿತು. ಆ ಪಾರದರ್ಶಕ ಹೋಸನ್ನು ಮಾತ್ರ ಪರೀಕ್ಷೆ ಮುಗಿದ ಕೂಡಲೇ ತೆಗೆದುಬಿಡಿ, ಡೀಸೆಲ್ಲಿಗೂ ಬಿಸಿಗೂ ಅದು ಗಟ್ಟಿಯಾಗಿ ಸೀಳುತ್ತದೆ.